ಪೆಟ್ಟಿಗೆ ಮತ್ತು ಡ್ರಾಯರಿನ ಮೂಲೆಗಳು: ಮರದ ಜೋಡಣೆ ಕಲಿಯುವ ಬಗೆ

ನಾಲ್ಕು ಹಲಗೆಗಳನ್ನು ಮೂಲೆಗೆ ಮೂಲೆ ಕೂಡಿಸಿ ತಳವೊಂದನ್ನು ಸೇರಿಸಿದರೆ ಪೆಟ್ಟಿಗೆಯಾಗುತ್ತದೆ. ಆ ಪೆಟ್ಟಿಗೆಯ ಮುಂದೆ ಹಿಡಿಯೊಂದನ್ನು ಕೂರಿಸಿ, ಚೌಕಟ್ಟಿನೊಳಗೆ ಜಾರಿ ಬರುವಂತೆ ಮಾಡಿದರೆ ಅದೇ ಡ್ರಾಯರ್ ಆಗುತ್ತದೆ. ರಚನೆಯಲ್ಲಿ ಇವೆರಡೂ ಒಂದೇ ಆಗಿದ್ದರೂ ಅವುಗಳ ಮೂಲೆಗಳು ಹೊರುವ ಭಾರ ಒಂದೇ ಅಲ್ಲ. ಪೆಟ್ಟಿಗೆ ಹೆಚ್ಚಿನ ಕಾಲ ಒಂದೆಡೆ ಸುಮ್ಮನೆ ಕುಳಿತಿರುತ್ತದೆ. ಡ್ರಾಯರಿನ ಮುಂಭಾಗವನ್ನಾದರೆ ತೆರೆಯುವ ಪ್ರತಿ ಸಲವೂ ಪಕ್ಕದ ಹಲಗೆಗಳಿಂದ ಕಿತ್ತು ತೆಗೆಯುವ ದಿಕ್ಕಿನಲ್ಲೇ ಎಳೆಯಲಾಗುತ್ತದೆ. ಒಳಗೆ ತುಂಬಿದ ಸಾಮಾನಿನ ತೂಕವೂ ಆ ಎಳೆತಕ್ಕೆ ಎದುರಾಗಿ ನಿಲ್ಲುತ್ತದೆ. ಹೀಗಾಗಿ ಪೆಟ್ಟಿಗೆಗೆ ಸಾಕಾಗುವ ಜೋಡಣೆ ಡ್ರಾಯರಿಗೆ ಸಾಲದೆ ಹೋಗಬಹುದು.

ಬಿಗಿಯಾದ ಮೂಲೆ ಗರಗಸ ಹಿಡಿಯುವವನ ಕೈಚಳಕದಿಂದ ಬರುತ್ತದೆ ಎಂಬ ನಂಬಿಕೆ ಕಲಿಯುವವರಲ್ಲಿ ಸಾಮಾನ್ಯವಾಗಿದೆ. ಕೈಚಳಕ ಬೇಕು, ನಿಜ. ಆದರೆ ಅದಕ್ಕಿಂತ ಮೊದಲು ಬೇಕಾದದ್ದು ಗುರುತು ಹಾಕುವ ಶಿಸ್ತು. ಎರಡು ಹಲಗೆಗಳನ್ನು ಅಳತೆಪಟ್ಟಿಯಿಂದ ಬೇರೆ ಬೇರೆಯಾಗಿ ಅಳೆದು ಗೆರೆ ಹಾಕಿದರೆ ಎರಡರಲ್ಲೂ ಸಣ್ಣ ತಪ್ಪುಗಳು ಸೇರಿಕೊಳ್ಳುತ್ತವೆ. ಒಂದನ್ನು ಕೊಯ್ದು ಮುಗಿಸಿ, ಅದನ್ನೇ ಇನ್ನೊಂದರ ಮೇಲಿಟ್ಟು ಚಾಕುವಿನಿಂದ ಅದರ ಅಂಚನ್ನು ನಕಲು ಮಾಡಿದರೆ, ಮೊದಲ ಹಲಗೆಯ ಕೊಯ್ತ ತುಸು ಸೊಟ್ಟಗಾಗಿದ್ದರೂ ಎರಡನೆಯದು ಅದೇ ಸೊಟ್ಟಕ್ಕೆ ಹೊಂದಿಕೊಳ್ಳುತ್ತದೆ. ಮುಂದೆ ವಿವರಿಸುವ ಕೆಲಸಗಳೆಲ್ಲ ಈ ಒಂದು ತತ್ವದ ಮೇಲೆ ನಿಂತಿವೆ: ಅಳೆಯುವುದನ್ನು ಆದಷ್ಟು ಕಡಿಮೆ ಮಾಡಿ, ಹಲಗೆಯಿಂದ ಹಲಗೆಗೇ ಗುರುತನ್ನು ದಾಟಿಸಬೇಕು.

ಮರ ಹಿಗ್ಗುವ ದಿಕ್ಕು

ಜೋಡಣೆಯ ವಿಧಗಳಿಗೆ ಹೋಗುವ ಮುನ್ನ ಮರದ ಸ್ವಭಾವವನ್ನು ತಿಳಿದುಕೊಳ್ಳುವುದು ಅಗತ್ಯ. ಎಷ್ಟೇ ಚೆನ್ನಾಗಿ ಒಣಗಿಸಿದರೂ ಮರವು ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಈ ಹಿಗ್ಗುವಿಕೆ ನಾರಿನ ಉದ್ದಕ್ಕೆ ನಗಣ್ಯ; ನಾರಿಗೆ ಅಡ್ಡಲಾಗಿ, ಅಂದರೆ ಹಲಗೆಯ ಅಗಲದಲ್ಲಿ, ಗಣನೀಯ. ಅದರಲ್ಲಿಯೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಬದಲಾವಣೆಯು ಉಂಗುರಗಳನ್ನು ಅಡ್ಡ ಹಾಯುವ ದಿಕ್ಕಿನ ಬದಲಾವಣೆಗಿಂತ ಸಾಮಾನ್ಯವಾಗಿ ಸುಮಾರು ಎರಡು ಪಟ್ಟು ಹೆಚ್ಚಿರುತ್ತದೆ. ಚಪ್ಪಟೆಯಾಗಿ, ಅಂದರೆ ಉಂಗುರಗಳ ಗುಂಟ ಅಗಲ ಬರುವಂತೆ, ಸೀಳಿದ 300 ಮಿ.ಮೀ. ಅಗಲದ ಹಲಗೆಯೊಂದರ ತೇವಾಂಶ ಋತುವಿನಿಂದ ಋತುವಿಗೆ ಶೇಕಡಾ 8ರಿಂದ 12ಕ್ಕೆ ಏರಿದರೆ, ಅನೇಕ ಜಾತಿಯ ಮರಗಳಲ್ಲಿ ಅಗಲ 3 ಮಿ.ಮೀ.ನಷ್ಟು ಹೆಚ್ಚುತ್ತದೆ. ಡ್ರಾಯರ್ ಸಿಕ್ಕಿಕೊಳ್ಳಲು ಇಷ್ಟು ಧಾರಾಳವಾಗಿ ಸಾಕು.

ಇದರಿಂದ ಎರಡು ನಿಯಮಗಳು ಹೊರಡುತ್ತವೆ. ಮೊದಲನೆಯದು, ಪೆಟ್ಟಿಗೆಯ ನಾಲ್ಕೂ ಗೋಡೆಗಳಲ್ಲಿ ನಾರು ಅಡ್ಡಡ್ಡ ಮಲಗಿ ಪೆಟ್ಟಿಗೆಯನ್ನು ಸುತ್ತುವರಿಯುವಂತಿರಬೇಕು. ಆಗ ನಾಲ್ಕೂ ಗೋಡೆಗಳ ಎತ್ತರ ಒಟ್ಟಿಗೆ ಹೆಚ್ಚಿ ಒಟ್ಟಿಗೆ ತಗ್ಗುವುದರಿಂದ ಮೂಲೆಗಳಲ್ಲಿ ಒಂದು ಹಲಗೆ ಇನ್ನೊಂದರೊಡನೆ ಜಗ್ಗಾಡುವುದಿಲ್ಲ. ಎರಡನೆಯದು, ತಳವು ಪ್ಲೈವುಡ್ ಅಲ್ಲದೆ ಅಖಂಡ ಮರದ್ದಾಗಿದ್ದರೆ ಅದನ್ನು ಗೋಡೆಗಳಿಗೆ ಅಂಟಿಸಿ ಬಿಗಿಯಬಾರದು. ಹಾಗೆ ಅಂಟಿಸಿದ ತಳ ಹಿಗ್ಗಿದಾಗ ಮೂಲೆಗಳನ್ನು ಬಿಚ್ಚುತ್ತದೆ, ಕುಗ್ಗಿದಾಗ ತಾನೇ ಸೀಳುತ್ತದೆ. ಅದನ್ನು ಗೋಡೆಯ ಒಳಮೈಯಲ್ಲಿ ತೆಗೆದ ಗ್ರೂವ್‌ನೊಳಗೆ (ಕಾಲುವೆಯಂಥ ಉದ್ದ ಕಚ್ಚಿನೊಳಗೆ) ಅಂಟಿಲ್ಲದೆ ಕೂರಿಸಿ, ಹಿಗ್ಗಲು ಜಾಗ ಬಿಡಬೇಕು. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡಲಾಗಿ ಅಂಟಿರುವುದರಿಂದ ಅದು ಹಿಗ್ಗುವುದು ತೀರ ಕಡಿಮೆ. ಅದನ್ನು ಸುತ್ತಲೂ ಅಂಟಿಸಿದರೆ ಅಪಾಯವಿಲ್ಲ, ಬದಲಿಗೆ ಪೆಟ್ಟಿಗೆಯೇ ಇನ್ನಷ್ಟು ಗಟ್ಟಿಯಾಗುತ್ತದೆ.

ಅಂಟು ಎಲ್ಲಿ ಹಿಡಿಯುತ್ತದೆ ಎಂಬುದು ಕೂಡ ನಾರಿನ ಪ್ರಶ್ನೆಯೇ. ಹಲಗೆಯನ್ನು ಅಡ್ಡ ಕೊಯ್ದಾಗ ಕಾಣುವ ತುದಿಮುಖದಲ್ಲಿ ಮರದ ಸೂಕ್ಷ್ಮ ನಾಳಗಳು ಬಾಯ್ತೆರೆದಿರುತ್ತವೆ. ಅವು ಅಂಟನ್ನು ಹೀರಿಕೊಂಡುಬಿಡುವುದರಿಂದ ಮೇಲ್ಮೈಯಲ್ಲಿ ಉಳಿಯುವ ಅಂಟಿನ ಪದರ ಬಡವಾಗುತ್ತದೆ. ನಾರಿನ ಮಗ್ಗುಲಿಗೆ ನಾರಿನ ಮಗ್ಗುಲು ಸೇರಿದ ಕಡೆ ಮಾತ್ರ ಅಂಟು ಮರದಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಲಗೆಯ ತುದಿಮುಖ ಎದುರಾಗುವುದು ಅನಿವಾರ್ಯವಾದ್ದರಿಂದ, ಮೂಲೆಯ ಜೋಡಣೆಗಳ ಇಡೀ ಜಾಣ್ಮೆಯಿರುವುದು ಅಲ್ಲಿ ಮಗ್ಗುಲುಗಳನ್ನು ಹೇಗಾದರೂ ಹುಟ್ಟಿಸುವುದರಲ್ಲಿ.

ಎರಡೂ ಹಲಗೆಗಳ ತುದಿಯಲ್ಲಿ ನೇರ ಹಲ್ಲುಗಳನ್ನು ಕೊಯ್ದು ಒಂದರ ಸಂದಿನಲ್ಲಿ ಇನ್ನೊಂದನ್ನು ಕೂರಿಸುವ ಬೆರಳು ಜೋಡಣೆಯ ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 12 ಮಿ.ಮೀ. ದಪ್ಪ, 100 ಮಿ.ಮೀ. ಎತ್ತರದ ಎರಡು ಹಲಗೆಗಳ ಮೂಲೆಯಲ್ಲಿ 10 ಮಿ.ಮೀ. ಅಗಲದ ಬೆರಳುಗಳನ್ನು ಕೊಯ್ದರೆ, ಬೆರಳುಗಳು ಪರಸ್ಪರ ತಾಗುವ 9 ಮಗ್ಗುಲುಗಳು ದೊರೆಯುತ್ತವೆ. ಪ್ರತಿಯೊಂದೂ 12 × 12, ಅಂದರೆ 144 ಚದರ ಮಿ.ಮೀ.; ಒಟ್ಟು 1296 ಚದರ ಮಿ.ಮೀ. ಅದೇ ಬೆರಳುಗಳನ್ನು 5 ಮಿ.ಮೀ.ಗೆ ಇಳಿಸಿದರೆ 19 ಮಗ್ಗುಲುಗಳಾಗಿ, ಅಂಟು ಹಿಡಿಯುವ ಜಾಗ 2736 ಚದರ ಮಿ.ಮೀ.ಗೆ ಏರುತ್ತದೆ. ನೇರವಾಗಿ ತುದಿಯನ್ನು ತಾಗಿಸಿ ಅಂಟಿಸಿದ ಮೂಲೆಯಲ್ಲಿ ಈ ಬಗೆಯ ಜಾಗ ಸೊನ್ನೆ.

ಯಾವ ಜೋಡಣೆ, ಯಾವ ಕ್ರಮದಲ್ಲಿ

ತುದಿ ತಾಗಿಸಿ ಮೊಳೆ ಹೊಡೆಯುವ ಮೂಲೆಯನ್ನು ಜೋಡಣೆ ಎನ್ನುವುದು ಕಷ್ಟ. ತಾತ್ಕಾಲಿಕ ಕೆಲಸಕ್ಕೆ ಅದು ಸರಿ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿರುವುದು ರಿಬೇಟ್: ಒಂದು ಹಲಗೆಯ ತುದಿಯಲ್ಲಿ ಮೆಟ್ಟಿಲಿನಂಥ ಕಚ್ಚು ತೆಗೆದು ಇನ್ನೊಂದು ಹಲಗೆಯ ತುದಿ ಅದರಲ್ಲಿ ಕೂರುವಂತೆ ಮಾಡುವುದು. 45 ಡಿಗ್ರಿಗೆ ಕೊಯ್ದು ಸೇರಿಸುವ ಮೈಟರ್ ಮೂಲೆಯಲ್ಲಿ ತುದಿಮುಖ ಎಲ್ಲಿಯೂ ಕಾಣದಿರುವುದರಿಂದ ನೋಟಕ್ಕೆ ಚೆಲುವು, ಆದರೆ ಬಲ ಕಡಿಮೆ; ಅಂಟು ಒಣಗಿದ ಮೇಲೆ ಮೂಲೆಯ ಹೊರಗಿನಿಂದ ಅಡ್ಡ ಸೀಳುಗಳನ್ನು ಕೊಯ್ದು, ಅವುಗಳಲ್ಲಿ ತೆಳುವಾದ ಮರದ ಚಕ್ಕೆಗಳನ್ನು ಅಂಟಿಸಿದರೆ ಚಿಕ್ಕ ಪೆಟ್ಟಿಗೆಗಳಿಗೆ ಸಾಕಾಗುವಷ್ಟು ಗಟ್ಟಿಯಾಗುತ್ತದೆ. ಬೆರಳು ಜೋಡಣೆಯ ಬಲ ಹೇಳಿಯಾಯಿತು. ಡವ್‌ಟೇಲ್ ಇವೆಲ್ಲವುಗಳಿಗಿಂತ ಭಿನ್ನ, ಏಕೆಂದರೆ ಅದರ ಬಲ ಅಂಟನ್ನು ಮಾತ್ರ ನೆಚ್ಚಿಕೊಂಡಿಲ್ಲ. ಬೀಸಣಿಗೆಯಂತೆ ತುದಿಯತ್ತ ಅಗಲವಾಗುವ ಟೇಲ್‌ಗಳು ಎದುರಿನ ಹಲಗೆಯ ಪಿನ್‌ಗಳ, ಅಂದರೆ ಟೇಲ್‌ಗಳ ಸಂದುಗಳನ್ನು ತುಂಬುವ ಹಲ್ಲುಗಳ, ನಡುವೆ ಕೂತಾಗ, ಒಂದು ದಿಕ್ಕಿನಲ್ಲಿ ಎಷ್ಟೇ ಎಳೆದರೂ ಅವು ಬಿಚ್ಚಿಕೊಳ್ಳಲಾರವು.

ಬೆರಳು ಜೋಡಣೆ ಸುಲಭವೆಂದೂ ಡವ್‌ಟೇಲ್ ಕಷ್ಟವೆಂದೂ ಭಾವಿಸಿ ಮೊದಲನೆಯದರಿಂದ ಆರಂಭಿಸುವವರು ಅನೇಕರು. ಮೇಜು ಗರಗಸ ಮತ್ತು ಅದಕ್ಕೆ ತಕ್ಕ ಜಿಗ್ (ಪ್ರತಿ ಕೊಯ್ತವೂ ಒಂದೇ ಅಳತೆಗೆ ಬೀಳುವಂತೆ ಹಲಗೆಯನ್ನು ಹಿಡಿಯುವ ಸಾಧನ) ಇದ್ದವರಿಗೆ ಅದು ನಿಜವಾಗಿಯೂ ಸುಲಭ. ಕೈಯಿಂದ ಕೊಯ್ಯುವವರಿಗೆ ಮಾತ್ರ ಅದು ತಾಳ್ಮೆ ಪರೀಕ್ಷಿಸುವ ಕೆಲಸ: ಬೆರಳುಗಳು ಹೆಚ್ಚು, ಪ್ರತಿ ಬೆರಳಿನ ತಪ್ಪೂ ಮುಂದಿನದಕ್ಕೆ ಸೇರುತ್ತ ಹೋಗುತ್ತದೆ. ಆದ್ದರಿಂದ ಕೈಗೆಲಸದವರು ರಿಬೇಟ್ ಮೂಲೆಯ ಒಂದೆರಡು ಪೆಟ್ಟಿಗೆಗಳನ್ನು ಮಾಡಿ, ಅಲ್ಲಿಂದ ನೇರವಾಗಿ ಡವ್‌ಟೇಲಿಗೆ ಹೋಗುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಉಪಕರಣ ಮತ್ತು ಸಾಣೆ

ಬೇಕಾದ ಉಪಕರಣಗಳು ಕೆಲವೇ: ಒಂದು ಮೂಲೆಮಟ್ಟ, ಅಂಚಿಗೆ ಸಮಾನಾಂತರವಾಗಿ ಗೆರೆ ಎಳೆಯುವ ಒಂದು ಮಾರ್ಕಿಂಗ್ ಗೇಜ್, ಗುರುತು ಹಾಕಲು ತೆಳು ಅಲಗಿನ ಚಾಕು, ಸಣ್ಣ ಹಲ್ಲುಗಳ ನೇರ ಗರಗಸ, ಸೀಳಿನೊಳಗೆ ತಿರುಗಿಸಬಲ್ಲ ತಂತಿಯಂಥ ಅಲಗಿನ ಫ್ರೆಟ್ ಗರಗಸ, 6 ಮತ್ತು 12 ಮಿ.ಮೀ. ಉಳಿಗಳು, ಕೊಡತಿ, ಕೀಸುಳಿ, ಹಲಗೆಯನ್ನು ನಿಲ್ಲಿಸಿ ಹಿಡಿಯುವ ವೈಸ್, ನಾಲ್ಕಾರು ಕ್ಲ್ಯಾಂಪುಗಳು. ಗರಗಸದಲ್ಲಿ ಇಂಚಿಗೆ 15ರಿಂದ 20 ಹಲ್ಲುಗಳಿದ್ದು, ಅವನ್ನು ನಾರಿನ ಉದ್ದಕ್ಕೆ ಸೀಳುವಂತೆ ಅರೆದಿದ್ದರೆ ಉತ್ತಮ, ಏಕೆಂದರೆ ಡವ್‌ಟೇಲಿನ ಕೊಯ್ತಗಳು ಬಹುಪಾಲು ಉದ್ದ ಸೀಳುವ ಕೊಯ್ತಗಳೇ. ತಳ್ಳುವಾಗ ಕೊಯ್ಯುವ ಗರಗಸವೋ ಎಳೆಯುವಾಗ ಕೊಯ್ಯುವ ಜಪಾನಿ ಮಾದರಿಯೋ ಎಂಬುದು ರುಚಿಯ ವಿಷಯ.

ಉಳಿಯ ಹರಿತ ಮಾತ್ರ ರುಚಿಯ ವಿಷಯವಲ್ಲ. ಮೊಂಡು ಉಳಿ ಮರವನ್ನು ಕತ್ತರಿಸದೆ ಜಜ್ಜುತ್ತದೆ, ಹೆಚ್ಚು ಬಲ ಬೇಡುತ್ತದೆ, ಹಾಗಾಗಿ ಜಾರಿದಾಗ ಹೆಚ್ಚು ಗಾಯ ಮಾಡುತ್ತದೆ. ಮೊದಲು ಉಳಿಯ ಬೆನ್ನನ್ನು ತುದಿಯ ಕಡೆ ಎರಡು ಮೂರು ಸೆಂಟಿಮೀಟರ್ ಮಟ್ಟಿಗೆ ಸಾಣೆಕಲ್ಲಿನ ಮೇಲೆ ಸಪಾಟಾಗಿ ಉಜ್ಜಿ ಹೊಳಪು ಬರಿಸಬೇಕು. ಈ ಕೆಲಸ ಒಮ್ಮೆ ಮಾಡಿದರೆ ಸಾಕು. ಇಳಿಜಾರಿನ ಮುಖವನ್ನು 25 ಡಿಗ್ರಿಗೆ ಅರೆದು, ತೀರ ಅಂಚಿನಲ್ಲಿ 30 ಡಿಗ್ರಿಯ ಚಿಕ್ಕ ಎರಡನೆಯ ಇಳಿಜಾರನ್ನು ಕೊಡುವುದು ರೂಢಿ. 1000 ಗ್ರಿಟ್ (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಕಲ್ಲಿನ ಮೇಲೆ ಅಂಚಿನುದ್ದಕ್ಕೂ ಹಿಂಬದಿಗೆ ಸಣ್ಣ ಉಬ್ಬು ಬೆರಳಿಗೆ ತಾಕುವವರೆಗೆ ಉಜ್ಜಿ, ಬಳಿಕ 6000 ಅಥವಾ 8000 ಗ್ರಿಟ್‌ನ ಕಲ್ಲಿನಲ್ಲಿ ಹೊಳಪು ಕೊಟ್ಟು ಆ ಉಬ್ಬನ್ನು ತೆಗೆಯಬೇಕು. ಮೆದು ಮರದ ತುದಿಮುಖವನ್ನು ಪುಡಿಯಾಗಿಸದೆ ನುಣುಪಾಗಿ ಹೆರೆಯಬಲ್ಲ ಉಳಿ ಕೆಲಸಕ್ಕೆ ಸಿದ್ಧವಾದಂತೆ. ಉಳಿ ಹಿಡಿದಾಗ ಎರಡೂ ಕೈಗಳು ಅಲಗಿನ ಹಿಂದಿರಬೇಕು. ಕೆಲಸದ ತುಂಡನ್ನು ಕೈಯಲ್ಲಿ ಹಿಡಿಯದೆ ಕ್ಲ್ಯಾಂಪಿಗೆ ಬಿಡಬೇಕು.

ಹಲಗೆಗಳ ತಯಾರಿ

ಮರವನ್ನು ಕೆಲಸದ ಕೋಣೆಯಲ್ಲಿ ಗಾಳಿಯಾಡುವಂತೆ ಒಂದೆರಡು ವಾರ ಜೋಡಿಸಿಟ್ಟು ಆಮೇಲೆ ಕೊಯ್ಯುವುದು ಒಳ್ಳೆಯದು. ನಂತರ ಒಂದು ಮುಖವನ್ನು ಸಪಾಟು ಮಾಡಿ, ಅದಕ್ಕೆ ಮೂಲೆಮಟ್ಟವಾಗಿ ಒಂದು ಅಂಚನ್ನು ಹೆರೆದು, ಅವೆರಡರ ಆಧಾರದ ಮೇಲೆ ದಪ್ಪ ಮತ್ತು ಅಗಲಗಳನ್ನು ಸರಿಪಡಿಸಬೇಕು. ಎದುರುಬದುರಾಗುವ ಹಲಗೆಗಳ ಉದ್ದ ಸಮನಾಗಿರಬೇಕು. ಅವು ನಿಖರವಾಗಿ ಎಷ್ಟು ಮಿ.ಮೀ. ಇವೆ ಎಂಬುದು ಅಷ್ಟು ಮುಖ್ಯವಲ್ಲ, ಒಂದರಂತೆ ಇನ್ನೊಂದಿರುವುದು ಮುಖ್ಯ. ಜೋಡಿಯನ್ನು ಒಟ್ಟಿಗೆ ಹಿಡಿದು ತುದಿಗಳ ಮೇಲೆ ಬೆರಳಾಡಿಸಿದರೆ ಅಳತೆಪಟ್ಟಿಗೆ ಕಾಣದ ವ್ಯತ್ಯಾಸವೂ ತಿಳಿಯುತ್ತದೆ. ತುದಿಗಳು ಎರಡೂ ದಿಕ್ಕಿನಲ್ಲಿ ಮೂಲೆಮಟ್ಟವಾಗಿರದಿದ್ದರೆ ಮುಂದಿನ ಯಾವ ಗುರುತೂ ಸರಿಬಾರದು.

ತಯಾರಾದ ನಾಲ್ಕು ಹಲಗೆಗಳನ್ನು ಪೆಟ್ಟಿಗೆಯ ಕ್ರಮದಲ್ಲೇ ನಿಲ್ಲಿಸಿ, ಚೆಂದದ ಮುಖಗಳನ್ನು ಹೊರಗಿಟ್ಟು, ಮೂಲೆಗಳಿಗೆ 1, 2, 3, 4 ಎಂದು ಎರಡೂ ಹಲಗೆಗಳ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಬೇಕು. ತಳದ ಅಂಚಿಗೂ ಒಂದು ಗುರುತು ಬೇಕು. ಡವ್‌ಟೇಲಿನಲ್ಲಿ ಪ್ರತಿಯೊಂದು ಮೂಲೆಯೂ ತನ್ನ ಜೊತೆಗಾರನಿಗೆ ಮಾತ್ರ ಹೊಂದುವುದರಿಂದ, ಈ ಅಂಕಿಗಳು ಅಳಿಸಿಹೋದರೆ ಒಳ್ಳೆಯ ಕೊಯ್ತವೂ ವ್ಯರ್ಥವಾಗುತ್ತದೆ.

ಮೊದಲ ಪೆಟ್ಟಿಗೆ: ರಿಬೇಟ್

ಗೇಜನ್ನು ಪಕ್ಕದ ಹಲಗೆಯ ದಪ್ಪಕ್ಕೇ ಒತ್ತಿ ಹೊಂದಿಸಿ, ಮುಂದಿನ ಮತ್ತು ಹಿಂದಿನ ಹಲಗೆಗಳ ತುದಿಯಲ್ಲಿ ಒಳಮುಖದ ಮೇಲೆ ಗೆರೆ ಎಳೆಯಬೇಕು. ಇದು ಕಚ್ಚಿನ ಅಗಲ. ಕಚ್ಚಿನ ಆಳ ದಪ್ಪದ ಅರ್ಧದಿಂದ ಮೂರನೆಯ ಎರಡು ಭಾಗದವರೆಗೆ ಇರಬಹುದು. ಗೆರೆಯನ್ನು ಚಾಕುವಿನಿಂದ ಆಳವಾಗಿಸಿ, ತೆಗೆಯುವ ಬದಿಯಿಂದ ಉಳಿಯಲ್ಲಿ ಒಂದು ಸಣ್ಣ ಇಳಿಜಾರು ಹೆರೆದರೆ ಗರಗಸಕ್ಕೆ ಓಡಲು ದಾರಿ ಸಿಗುತ್ತದೆ. ಆಳದವರೆಗೆ ಅಡ್ಡ ಕೊಯ್ದು, ತುದಿಮುಖದ ಕಡೆಯಿಂದ ಉಳಿಯಲ್ಲಿ ಪದರ ಪದರವಾಗಿ ಎಬ್ಬಿಸಿ, ಕೊನೆಯ ತೆಳು ಪದರವನ್ನು ಗೆರೆಯ ಮೇಲೆಯೇ ಉಳಿಯನ್ನಿಟ್ಟು ಸವರಬೇಕು. ಈ ಮೂಲೆಯಲ್ಲಿಯೂ ಅಂಟು ಹೆಚ್ಚಾಗಿ ತುದಿಮುಖವನ್ನೇ ಎದುರಿಸುವುದರಿಂದ, ಅಂಟು ಒಣಗಿದ ಮೇಲೆ 3 ಅಥವಾ 4 ಮಿ.ಮೀ. ದಪ್ಪದ ಮರದ ಮೊಳೆಗಳನ್ನು ತುಸು ಓರೆಯಾಗಿ, ಒಂದರ ಓರೆಗೆ ಇನ್ನೊಂದು ಎದುರಾಗುವಂತೆ ಬಡಿದರೆ ಮೂಲೆ ಬಿಗಿಯುತ್ತದೆ.

ಡವ್‌ಟೇಲ್

ಟೇಲ್‌ಗಳು ಯಾವ ಹಲಗೆಯಲ್ಲಿರಬೇಕು ಎಂಬುದನ್ನು ಎಳೆತದ ದಿಕ್ಕು ನಿರ್ಧರಿಸುತ್ತದೆ. ಡ್ರಾಯರಿನಲ್ಲಿ ಮುಂಭಾಗವನ್ನು ಪಕ್ಕದ ಹಲಗೆಗಳ ಉದ್ದದ ದಿಕ್ಕಿನಲ್ಲಿ ಎಳೆಯುವುದರಿಂದ ಟೇಲ್‌ಗಳು ಪಕ್ಕದ ಹಲಗೆಗಳಲ್ಲಿಯೂ ಪಿನ್‌ಗಳು ಮುಂಭಾಗ ಮತ್ತು ಹಿಂಭಾಗಗಳಲ್ಲಿಯೂ ಇರಬೇಕು. ಇದನ್ನು ತಿರುಗುಮುರುಗು ಮಾಡಿದರೆ ಜೋಡಣೆ ನೋಡಲು ಹಾಗೆಯೇ ಇರುತ್ತದೆ, ಆದರೆ ಎಳೆತವನ್ನು ತಡೆಯಲು ಅಂಟೊಂದೇ ಉಳಿಯುತ್ತದೆ. ಟೇಲ್ ಮೊದಲು ಕೊಯ್ಯಬೇಕೋ ಪಿನ್ ಮೊದಲೋ ಎಂಬ ವಾದ ಬಡಗಿಗಳಲ್ಲಿ ಹಳೆಯದು; ಎರಡೂ ಪಕ್ಕದ ಹಲಗೆಗಳನ್ನು ಒಟ್ಟಿಗೆ ಹಿಡಿದು ಕೊಯ್ಯಲು ಬರುತ್ತದೆ ಎಂಬ ಕಾರಣಕ್ಕೆ ಇಲ್ಲಿ ಟೇಲ್ ಮೊದಲು.

ಗೇಜನ್ನು ಎದುರಿನ ಹಲಗೆಯ ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚಿಗೆ ಹೊಂದಿಸಿ, ತುದಿಯ ಸುತ್ತ ಬುಡದ ಗೆರೆಯನ್ನು ಎಳೆಯಬೇಕು. ಆಗ ಕೂಡಿಸಿದ ಮೇಲೆ ತುದಿಗಳು ತುಸು ಹೊರಚಾಚಿ, ಕೀಸುಳಿಯಿಂದ ಸಮ ಮಾಡಲು ಅನುಕೂಲವಾಗುತ್ತದೆ. ಟೇಲ್‌ಗಳ ಓರೆ ಮೆದು ಮರಕ್ಕೆ 1:6, ಗಟ್ಟಿ ಮರಕ್ಕೆ 1:8 ಎಂಬುದು ಬಳಕೆಯ ಲೆಕ್ಕ, ಅಂದರೆ ಕ್ರಮವಾಗಿ ಸುಮಾರು 9.5 ಮತ್ತು 7 ಡಿಗ್ರಿ. ಓರೆ ಅತಿಯಾದರೆ ಟೇಲಿನ ಚೂಪು ಮೂಲೆಗಳಲ್ಲಿ ನಾರು ಗಿಡ್ಡದಾಗಿ ಮುರಿಯುತ್ತದೆ, ಕಡಿಮೆಯಾದರೆ ಹಿಡಿತವೇ ಬರುವುದಿಲ್ಲ. ಎರಡು ಕೊನೆಗಳಲ್ಲಿ ಅರ್ಧ ಪಿನ್ (ಒಂದೇ ಬದಿಗೆ ಓರೆಯಿರುವ ಪಿನ್) ಬರುವಂತೆ 6ರಿಂದ 8 ಮಿ.ಮೀ. ಬಿಟ್ಟು, ನಡುವೆ ಟೇಲ್‌ಗಳನ್ನು ಪಿನ್‌ಗಳಿಗಿಂತ ಎರಡು ಮೂರು ಪಟ್ಟು ಅಗಲವಾಗಿ ಹಂಚಬೇಕು. ಅರ್ಧ ಪಿನ್ ತೀರ ತೆಳುವಾಗಿದ್ದರೆ ಕೂಡಿಸುವಾಗ ಸಿಡಿಯುತ್ತದೆ. ಹಂಚಲು ಅಳತೆಪಟ್ಟಿಗಿಂತ ಕೈವಾರವೇ ಲೇಸು. ಮುಗಿದ ಕೂಡಲೇ ತೆಗೆದುಹಾಕಬೇಕಾದ ಭಾಗಗಳ ಮೇಲೆಲ್ಲ ದೊಡ್ಡದಾಗಿ ಅಡ್ಡಗೀಟು ಹಾಕುವುದನ್ನು ಮರೆಯಬಾರದು. ಬೇಕಾದ ಟೇಲನ್ನೇ ಕೊಯ್ದು ಬೀಳಿಸುವ ಅವಘಡ ಈ ಕೆಲಸದಲ್ಲಿ ಅತಿ ಸಾಮಾನ್ಯ.

ಎರಡೂ ಪಕ್ಕದ ಹಲಗೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ವೈಸಿನಲ್ಲಿ ಹಿಡಿದು, ತುದಿಮುಖದ ಮೇಲೆ ಗೆರೆಗಳನ್ನು ಮೂಲೆಮಟ್ಟದಿಂದ ಅಡ್ಡಲಾಗಿ ದಾಟಿಸಬೇಕು. ಟೇಲಿನ ಕೊಯ್ತದಲ್ಲಿ ಓರೆ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಏಕೆಂದರೆ ಪಿನ್‌ಗಳನ್ನು ಅದರಿಂದಲೇ ನಕಲು ಮಾಡುತ್ತೇವೆ. ತುದಿಮುಖದ ಅಡ್ಡಗೆರೆಯಿಂದ ಮಾತ್ರ ಗರಗಸ ಜರುಗಕೂಡದು. ಹಲಗೆಯನ್ನು ವೈಸಿನಲ್ಲಿ ಓರೆಯಾಗಿ ಹಿಡಿದು ಕೊಯ್ಯುವ ಗೆರೆಯನ್ನು ನೇರ ಲಂಬವಾಗಿಸಿಕೊಂಡರೆ ಕೈ ತಾನಾಗಿ ನೇರ ಇಳಿಯುತ್ತದೆ. ಹಿಡಿತ ಹಗುರವಾಗಿರಲಿ, ಗರಗಸವನ್ನು ಒತ್ತಿದಷ್ಟೂ ಅದು ದಾರಿ ತಪ್ಪುತ್ತದೆ. ಬುಡದ ಗೆರೆ ತಲುಪಿದಾಗ ಹಿಂಬದಿಯನ್ನೂ ನೋಡಬೇಕು, ಅಲ್ಲಿ ಗೆರೆ ದಾಟಿದ್ದು ಮುಂದಿನಿಂದ ಕಾಣುವುದಿಲ್ಲ.

ಟೇಲ್‌ಗಳ ನಡುವಿನ ಮರವನ್ನು ಫ್ರೆಟ್ ಗರಗಸದಿಂದ ಬುಡದ ಗೆರೆಗೆ ಒಂದೆರಡು ಮಿ.ಮೀ. ಮೇಲೆಯೇ ಕೊಯ್ದು ಬೀಳಿಸಿ, ಉಳಿದದ್ದನ್ನು ಉಳಿಯಿಂದ ತೆಗೆಯಬೇಕು. ಉಳಿಯನ್ನು ಮೊದಲೇ ಗೆರೆಯ ಮೇಲಿಟ್ಟು ಬಲವಾಗಿ ಬಡಿದರೆ, ಅದರ ಇಳಿಜಾರು ಅಲಗನ್ನು ಹಿಂದಕ್ಕೆ ತಳ್ಳಿ ಗೆರೆಯನ್ನು ದಾಟಿಸಿಬಿಡುತ್ತದೆ. ಆದ್ದರಿಂದ ಗೆರೆಯಿಂದ ತುಸು ದೂರದಲ್ಲಿ ಆರಂಭಿಸಿ, ಕೊನೆಯ ತೆಳು ಪದರಕ್ಕೆ ಮಾತ್ರ ಗೆರೆಯಲ್ಲಿ ಉಳಿಯನ್ನು ಕೂರಿಸಬೇಕು. ಅರ್ಧ ದಪ್ಪದವರೆಗೆ ಒಂದು ಕಡೆಯಿಂದ, ಉಳಿದರ್ಧ ಮಗುಚಿ ಇನ್ನೊಂದು ಕಡೆಯಿಂದ ಬಡಿದರೆ ಹಿಂಬದಿಯ ನಾರು ಕಿತ್ತುಬರುವುದಿಲ್ಲ. ನಡುವೆ ಕೂದಲೆಳೆಯಷ್ಟು ತಗ್ಗು ಉಳಿದರೆ ನಷ್ಟವಿಲ್ಲ, ಅದು ಅಂಟು ಹಿಡಿಯದ ತುದಿಮುಖ. ನಡುವೆ ಉಬ್ಬು ಉಳಿದರೆ ಜೋಡಣೆ ಪೂರ್ತಿ ಮುಚ್ಚುವುದಿಲ್ಲ.

ಈಗ ಇಡೀ ಕೆಲಸದ ತೂಕ ನಿಂತಿರುವ ಹಂತ. ಪಿನ್ ಬರಬೇಕಾದ ಹಲಗೆಯನ್ನು ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ, ಟೇಲ್ ಹಲಗೆಯನ್ನು ಅದರ ತುದಿಮುಖದ ಮೇಲೆ ಮಲಗಿಸಿ, ಅದರ ಇನ್ನೊಂದು ತುದಿಗೆ ಅದೇ ಎತ್ತರದ ಆಸರೆ ಕೊಡಬೇಕು. ಟೇಲ್‌ಗಳ ಬುಡದ ಗೆರೆ ಪಿನ್ ಹಲಗೆಯ ಒಳಮುಖಕ್ಕೆ ಸರಿಯಾಗಿ ತಾಗಿರಬೇಕು, ಎರಡೂ ಹಲಗೆಗಳ ಅಂಚುಗಳು ಒಂದೇ ಸಾಲಿನಲ್ಲಿರಬೇಕು. ಕಣ್ಣಂದಾಜಿನ ಈ ಹೊಂದಿಕೆಯನ್ನು ಸುಲಭ ಮಾಡಿಕೊಳ್ಳಲು ಒಂದು ಉಪಾಯವಿದೆ: ಟೇಲ್‌ಗಳನ್ನು ಕೊಯ್ಯುವ ಮೊದಲೇ ಅವುಗಳ ಒಳಮೈಯಲ್ಲಿ, ಬುಡದ ಗೆರೆಯಿಂದ ತುದಿಯವರೆಗೆ, ಅರ್ಧ ಮಿ.ಮೀ. ಆಳದ ರಿಬೇಟ್ ಹೆರೆದಿಟ್ಟರೆ ಆ ಪುಟ್ಟ ಮೆಟ್ಟಿಲು ಎದುರಿನ ಹಲಗೆಗೆ ತಾನೇ ಒತ್ತಿ ನಿಲ್ಲುತ್ತದೆ. ಒಂದು ಕೈಯಿಂದ ಬಲವಾಗಿ ಅದುಮಿ ಹಿಡಿದು, ಚಾಕುವಿನ ಸಪಾಟು ಮುಖವನ್ನು ಟೇಲಿನ ಗೋಡೆಗೆ ತಾಗಿಸಿ, ಮೊದಲು ಹಗುರವಾಗಿ, ಬಳಿಕ ತುಸು ಬಲವಾಗಿ ಗೀರಬೇಕು. ಈ ಹಂತದಲ್ಲಿ ಹಲಗೆ ಜರುಗಿದರೆ ಮೊದಲಿಂದ ಗೀರುವುದೇ ಸರಿ; ಜರುಗಿದ ಗುರುತನ್ನು ಊಹೆಯಿಂದ ತಿದ್ದಲು ಹೋಗಬಾರದು.

ಪಿನ್‌ಗಳ ಗೆರೆಗಳನ್ನು ಮುಖದ ಮೇಲೆ ನೇರ ಕೆಳಗೆ ಬುಡದವರೆಗೆ ಇಳಿಸಿ, ಗರಗಸದ ಸೀಳು ಪೂರ್ತಿಯಾಗಿ ತೆಗೆಯುವ ಬದಿಯಲ್ಲಿ ಬೀಳುವಂತೆ, ಚಾಕುವಿನ ಗೀರು ಉಳಿಯುವಂತೆ ಕೊಯ್ಯಬೇಕು. ಗೆರೆಯ ಮೇಲೆಯೇ ಕೊಯ್ದರೆ ಗರಗಸದ ಅಲಗಿನ ದಪ್ಪದಷ್ಟು ಸಡಿಲ ಖಚಿತ. ಬಳಿಕ ಹಲಗೆಗಳನ್ನು ಕಾಲು ಭಾಗದವರೆಗೆ ಮಾತ್ರ ತಳ್ಳಿ ನೋಡಿ, ಎಲ್ಲಿ ಬಿಗಿಯಿದೆಯೋ ಅಲ್ಲಿ ಮರ ಒತ್ತಿ ಹೊಳೆಯುವುದನ್ನು ಗಮನಿಸಿ, ಪಿನ್ನಿನಿಂದ ಮಾತ್ರ ತೆಳುವಾಗಿ ಸವರಬೇಕು. ಟೇಲನ್ನು ಮುಟ್ಟಬಾರದು, ಮೂಲಪ್ರತಿಯನ್ನೇ ತಿದ್ದಿದರೆ ನಕಲಿಗೆ ಆಧಾರವಿರುವುದಿಲ್ಲ. ಪೂರ್ತಿ ಕೂಡಿಸಿ ಬಿಚ್ಚುವುದನ್ನು ಮತ್ತೆ ಮತ್ತೆ ಮಾಡಿದರೆ ನಾರು ನಲುಗಿ ಬಿಗಿ ಹೋಗುತ್ತದೆ. ಕೊಡತಿಯ ಹಗುರ ಪೆಟ್ಟಿಗೆ ಕೂರುವಷ್ಟು ಬಿಗಿ ಸಾಕು; ಜೋರಾಗಿ ಬಡಿಯಬೇಕಾಗಿ ಬಂದರೆ ಹಲಗೆ ಸೀಳುತ್ತದೆ.

ಡ್ರಾಯರಿಗೆ ಬೇಕಾದ ಬದಲಾವಣೆಗಳು

ಡ್ರಾಯರಿನ ಮುಂಭಾಗದಲ್ಲಿ ಟೇಲ್‌ಗಳ ತುದಿ ಎದುರಿಗೆ ಕಾಣಬಾರದೆಂದಿದ್ದರೆ ಅರೆಮುಚ್ಚಿದ ಡವ್‌ಟೇಲ್ ಮಾಡಬೇಕು. ಮುಂಭಾಗಕ್ಕೆ 18ರಿಂದ 20 ಮಿ.ಮೀ., ಪಕ್ಕಗಳಿಗೆ 10ರಿಂದ 12 ಮಿ.ಮೀ. ದಪ್ಪ ತೆಗೆದುಕೊಂಡು, ಮುಂಭಾಗದ ಹೊರಮೈಯಲ್ಲಿ 4ರಿಂದ 6 ಮಿ.ಮೀ. ಮರವನ್ನು ಮುಚ್ಚಳವಾಗಿ ಉಳಿಸಿ, ಉಳಿದ ಆಳಕ್ಕೆ ಟೇಲ್‌ಗಳು ಕೂರುವ ಗೂಡುಗಳನ್ನು ತೋಡಬೇಕು. ಗರಗಸ ಇಲ್ಲಿ ಒಳಮೂಲೆಯಿಂದ ಓರೆಯಾಗಿ ಅರ್ಧ ಮಾತ್ರ ಇಳಿಯಬಲ್ಲದು. ಉಳಿದುದೆಲ್ಲ ಉಳಿಯ ಕೆಲಸ. ತುದಿಮುಖದ ಕಡೆಯಿಂದ ನಾರಿನ ಗುಂಟ ಎಬ್ಬಿಸುತ್ತ, ಬುಡದ ಕಡೆಯಿಂದ ಅಡ್ಡ ಕತ್ತರಿಸುತ್ತ, ಸರದಿಯಂತೆ ಸಾಗಬೇಕು. ಗೂಡಿನ ಒಳಮೂಲೆಗಳಲ್ಲಿ ಉಳಿಯುವ ಚೂರುಗಳೇ ಜೋಡಣೆ ಮುಚ್ಚದಿರಲು ಮುಖ್ಯ ಕಾರಣ. ತೆಳ್ಳನೆಯ ಉಳಿಯಿಂದ ಅವುಗಳನ್ನು ಪೂರ್ತಿ ಶುಚಿ ಮಾಡಬೇಕು.

ತಳದ ಗ್ರೂವನ್ನು ಟೇಲ್‌ಗಳನ್ನು ಹಂಚುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಕ್ಕದ ಹಲಗೆಯ ಕೆಳಗಿನ ಟೇಲ್ ಗ್ರೂವಿನ ಮೇಲೆಯೇ ಬರುವಂತಿದ್ದರೆ, ಮುಂಭಾಗದ ಗ್ರೂವಿನ ಬಾಯನ್ನು ಆ ಟೇಲೇ ಮುಚ್ಚುತ್ತದೆ. ಪಿನ್ನಿನ ಮೇಲೆ ಬಂದರೆ ಹೊರಗಿನಿಂದ ತೂತು ಕಾಣುತ್ತದೆ. ಕೆಳ ಅಂಚಿನಿಂದ 8 ಮಿ.ಮೀ. ಮೇಲೆ, 6 ಮಿ.ಮೀ. ಅಗಲ, 5 ಮಿ.ಮೀ. ಆಳ ಎಂಬುದು 12 ಮಿ.ಮೀ. ಪಕ್ಕಗಳಿಗೆ ಒಪ್ಪುವ ಅಳತೆ. ಹಿಂಭಾಗದ ಹಲಗೆ ಗ್ರೂವಿನ ಮೇಲಂಚಿಗೆ ನಿಲ್ಲುವಷ್ಟು ಗಿಡ್ಡವಾಗಿರಬೇಕು. ಹಾಗಿದ್ದರೆ ಡ್ರಾಯರಿನ ನಾಲ್ಕೂ ಮೂಲೆಗಳನ್ನು ಅಂಟಿಸಿ ಮುಗಿಸಿದ ಮೇಲೂ ತಳವನ್ನು ಹಿಂದಿನಿಂದ ಜಾರಿಸಿ ಒಳತಳ್ಳಬಹುದು, ಬೇಕೆಂದಾಗ ತೆಗೆಯಲೂಬಹುದು. ಅಖಂಡ ಮರದ ತಳವಾದರೆ ಅದರ ನಾರು ಪಕ್ಕದಿಂದ ಪಕ್ಕಕ್ಕೆ ಸಾಗಬೇಕು. ಹಿಗ್ಗುವಿಕೆ ಆಗ ಹಿಂದಕ್ಕೆ, ಖಾಲಿ ಜಾಗವಿರುವ ಕಡೆಗೆ ಆಗುತ್ತದೆ. ತಳವನ್ನು ಮುಂಭಾಗದ ಗ್ರೂವಿನಲ್ಲಿಯೂ ಅಂಟಿಲ್ಲದೆ ಕೂರಿಸಿ, ಹಿಂಭಾಗದ ಹಲಗೆಗೆ ಉದ್ದ ತೂತಿನ ಮೂಲಕ ಒಂದು ಸ್ಕ್ರೂ ಹಾಕಿದರೆ ಸಾಕು.

ಅಳತೆಯ ವಿಚಾರದಲ್ಲಿ ಇಲ್ಲಿಯೂ ಮೊದಲಿನ ತತ್ವವೇ ಅನ್ವಯಿಸುತ್ತದೆ. ಚೌಕಟ್ಟು ಪೂರ್ತಿಯಾದ ಮೇಲೆ, ಆ ಬಾಯಿಗೇ ಹಿಡಿದು ನೋಡುತ್ತ ಮುಂಭಾಗದ ಹಲಗೆಯನ್ನು ಕೀಸಿ, ಅದು ಬಿಗಿಯಾಗಿ ಕೂರುವಂತೆ ಮಾಡಿ, ಆಮೇಲೆ ಉಳಿದ ಹಲಗೆಗಳನ್ನು ಅದರಿಂದ ಅಳೆಯಬೇಕು. ಪಕ್ಕದ ಹಲಗೆಗಳನ್ನೂ ಒಂದೊಂದಾಗಿ ತಮ್ಮ ತಮ್ಮ ಜಾಗದಲ್ಲಿ ಜಾರಿಸಿ ನೋಡಬೇಕು. ಎತ್ತರದಲ್ಲಿ ಮಾತ್ರ ಹಿಗ್ಗಲು ಜಾಗ ಬಿಡಲೇಬೇಕು: 100 ಮಿ.ಮೀ. ಎತ್ತರದ ಡ್ರಾಯರಿಗೆ ಒಣ ಋತುವಿನಲ್ಲಿ ಒಂದೂವರೆ ಮಿ.ಮೀ., ಮಳೆಯ ದಿನಗಳಲ್ಲಿ ಅರ್ಧದಷ್ಟು ಸಾಕು. ಅಗಲದಲ್ಲಿ ನಾರು ಉದ್ದಕ್ಕೆ ಸಾಗುವುದರಿಂದ ಅಷ್ಟು ಬೇಕಾಗದು.

ಅಂಟಿಸುವುದು

ಅಂಟು ಹಚ್ಚುವ ಮೊದಲು ಒಮ್ಮೆ ಎಲ್ಲವನ್ನೂ ಕೂಡಿಸಿ, ಕ್ಲ್ಯಾಂಪುಗಳನ್ನು ಎಲ್ಲಿ ಹೇಗೆ ಹಾಕಬೇಕೆಂಬುದನ್ನೂ ಸಹ ನೋಡಿಕೊಳ್ಳಬೇಕು, ಏಕೆಂದರೆ ಸಾಮಾನ್ಯ ಬಿಳಿ ಅಥವಾ ಹಳದಿ ಪಿವಿಎ ಅಂಟು ಹಚ್ಚಿದ ಮೇಲೆ ಕೂಡಿಸಲು ಸಿಗುವ ಸಮಯ 5ರಿಂದ 10 ನಿಮಿಷ ಮಾತ್ರ. ಒಳಮುಖಗಳನ್ನು ನುಣುಪು ಮಾಡುವುದು, ತಳದ ಗ್ರೂವನ್ನು ತೆಗೆಯುವುದು ಈ ಮುಂಚೆಯೇ ಮುಗಿದಿರಬೇಕು. ಟೇಲ್ ಪಿನ್‌ಗಳ ಮಗ್ಗುಲುಗಳಿಗೆ ಸಣ್ಣ ಕುಂಚದಿಂದ ತೆಳುವಾಗಿ ಹಚ್ಚಿದರೆ ಸಾಕು. ಟೇಲ್‌ಗಳು ಪೂರ್ತಿ ಕೂತ ಬಳಿಕ ಎರಡು ಕರ್ಣಗಳನ್ನು ಅಳೆದು ನೋಡಬೇಕು: ಎರಡೂ ಸಮನಾಗಿದ್ದರೆ ಪೆಟ್ಟಿಗೆ ಮೂಲೆಮಟ್ಟ. ಒಂದು ಉದ್ದವಾಗಿದ್ದರೆ ಅದೇ ಕರ್ಣದ ಗುಂಟ ಕ್ಲ್ಯಾಂಪಿನಿಂದ ಹಗುರವಾಗಿ ಅದುಮಿ ಸರಿಪಡಿಸಬಹುದು, ಆದರೆ ಇದು ಅಂಟು ಹಸಿಯಿರುವಾಗಲೇ ಆಗಬೇಕು. ಮೂಲೆ ಚೆನ್ನಾಗಿ ಕೂತಿದ್ದರೆ ಕ್ಲ್ಯಾಂಪನ್ನು ಒಂದು ಗಂಟೆಯಲ್ಲಿ ತೆಗೆದರೂ ತೊಂದರೆಯಿಲ್ಲ. ಪೂರ್ತಿ ಬಲ ಬರಲು ಒಂದು ದಿನ ಬೇಕು. ಹೊರಬಂದ ಅಂಟು ರಬ್ಬರಿನಂತಾದಾಗ ಉಳಿಯಿಂದ ಎಬ್ಬಿಸಿ ತೆಗೆಯಬಹುದು. ಹಸಿಯಿರುವಾಗ ಒರೆಸಿದರೆ ಅದು ನಾರಿನೊಳಗೆ ಸೇರಿ, ಆಮೇಲೆ ಹಚ್ಚುವ ಪಾಲಿಶ್ ಅಲ್ಲಿ ಕಲೆಯಾಗಿ ಉಳಿಯುತ್ತದೆ.

ಮುಚ್ಚಳವಿರುವ ಪೆಟ್ಟಿಗೆಯನ್ನು ಮೇಲೂ ಕೆಳಗೂ ಮುಚ್ಚಿ ಒಂದೇ ಘನವಾಗಿ ಅಂಟಿಸಿ, ಬಳಿಕ ಗರಗಸದಿಂದ ಸುತ್ತಲೂ ಕೊಯ್ದು ಮುಚ್ಚಳವನ್ನು ಬೇರ್ಪಡಿಸುವುದು ಸುಲಭದ ದಾರಿ. ನಾರಿನ ಚಿತ್ತಾರ ಮುಚ್ಚಳದಿಂದ ಪೆಟ್ಟಿಗೆಗೆ ಮುರಿಯದೆ ಸಾಗುತ್ತದೆ. ಹಾಗೆ ಮಾಡುವುದಿದ್ದರೆ ಕೊಯ್ತ ಬೀಳುವಲ್ಲಿ ಗರಗಸದ ಸೀಳಿಗೂ ಕೀಸುವಿಕೆಗೂ 4 ಮಿ.ಮೀ.ನಷ್ಟು ಹೆಚ್ಚುವರಿ ಅಗಲದ ಪಿನ್ ಇಟ್ಟುಕೊಳ್ಳಬೇಕು.

ತಪ್ಪುಗಳು ಮತ್ತು ತಿದ್ದುಪಡಿ

ಮೊದಮೊದಲು ಟೇಲ್ ಪಿನ್‌ಗಳ ನಡುವೆ ಬಿರುಕು ಕಾಣುವುದು ಸಹಜ. ಅದೇ ಹಲಗೆಯಿಂದ ತೆಳುವಾದ ಚಕ್ಕೆಯನ್ನು ನಾರಿನ ದಿಕ್ಕು ಹೊಂದುವಂತೆ ಸೀಳಿ, ಅಂಟು ಹಚ್ಚಿ ಬಿರುಕಿಗೆ ತೂರಿಸಿ, ಒಣಗಿದ ಮೇಲೆ ಸಮ ಮಾಡಿದರೆ ಬಹುಪಾಲು ಕಾಣದಂತಾಗುತ್ತದೆ. ಮರದ ಪುಡಿಗೆ ಅಂಟು ಬೆರೆಸಿ ತುಂಬುವುದು ತೀರ ಸಣ್ಣ ಬಿರುಕಿಗೆ ಮಾತ್ರ ಸರಿ. ದೊಡ್ಡ ಬಿರುಕಿನಲ್ಲಿ ಅದು ಕಪ್ಪಾಗಿ ಎದ್ದು ಕಾಣುತ್ತದೆ. ಬುಡದ ಗೆರೆ ದಾಟಿದ ಕೊಯ್ತವನ್ನು ತಿದ್ದಲಾಗದು, ಆದರೆ ಅದು ಬಲವನ್ನೂ ಅಷ್ಟಾಗಿ ಕುಂದಿಸುವುದಿಲ್ಲ. ಹಲಗೆ ಕೂಡಿಸುವಾಗ ಸೀಳಿದರೆ ತಕ್ಷಣ ಬಿಚ್ಚಿ, ಸೀಳಿನೊಳಗೆ ತೆಳು ಅಂಟು ಓಡಿಸಿ, ಕ್ಲ್ಯಾಂಪಿನಲ್ಲಿ ಹಿಡಿದು ಒಣಗಿಸಿ, ಪಿನ್ನನ್ನು ಸವರಿಯೇ ಮತ್ತೆ ಕೂಡಿಸಬೇಕು.

ಡ್ರಾಯರ್ ಸಿಕ್ಕಿಕೊಳ್ಳುತ್ತಿದ್ದರೆ ಎಲ್ಲ ಕಡೆ ಕೀಸುವ ಆತುರ ಬೇಡ. ಪಕ್ಕಗಳ ಹೊರಮೈಗೂ ಮೇಲಂಚಿಗೂ ಪೆನ್ಸಿಲ್ ಉಜ್ಜಿ, ಒಳಗೆ ತಳ್ಳಿ ಹೊರಗೆಳೆದರೆ, ಎಲ್ಲಿ ಪೆನ್ಸಿಲ್ ಒರೆಸಿ ಹೊಳೆಯುತ್ತದೆಯೋ ಅಲ್ಲಿ ಮಾತ್ರ ಒಂದೆರಡು ಬಾರಿ ಕೀಸಬೇಕು. ಒಳಗೆ ಹೋದ ಡ್ರಾಯರ್ ಓರೆಯಾಗಿ ಕಚ್ಚಿಕೊಂಡರೆ ಕಾರಣ ಸಾಮಾನ್ಯವಾಗಿ ಹಿಂಭಾಗ ಅಗಲವಾಗಿರುವುದೇ. ಮುಂಭಾಗಕ್ಕಿಂತ ಹಿಂಭಾಗ ಅರ್ಧ ಮಿ.ಮೀ. ಕಿರಿದಾಗಿರುವಂತೆ ಪಕ್ಕಗಳನ್ನು ಹಿಂದಕ್ಕೆ ಇಳಿಸಿ ಕೀಸಬೇಕು. ಕೊನೆಗೆ ಜಾರುವ ಅಂಚುಗಳಿಗೂ ಚೌಕಟ್ಟಿನ ಪಟ್ಟಿಗಳಿಗೂ ಮೇಣ ಉಜ್ಜಬೇಕು. ಡ್ರಾಯರಿನ ಒಳಗೆ ಎಣ್ಣೆಯ ಪಾಲಿಶ್ ಹಚ್ಚಬಾರದು. ಗಾಳಿಯಾಡದ ಆ ಜಾಗದಲ್ಲಿ ಅದರ ವಾಸನೆ ಬಹುಕಾಲ ಉಳಿದು ಬಟ್ಟೆಬರೆಗೂ ಕಾಗದಕ್ಕೂ ಹತ್ತುತ್ತದೆ. ಒಳಮೈಯನ್ನು ಬರಿದಾಗಿ ಬಿಡಬಹುದು, ಇಲ್ಲವೇ ತೆಳುವಾದ ಅರಗಿನ ಪಾಲಿಶ್ ಒಂದು ಸಲ ಹಚ್ಚಿ ಚೆನ್ನಾಗಿ ಒಣಗಿಸಬಹುದು.